ಶೆಡ್ಡಿನ ಆಯ

ಅದೊಂದನ್ನು ಮಾತ್ರ ಮೇಸ್ತ್ರಿ ಕೇಳದಿದ್ದರೆ ಸಾಕು ಎಂದು ಇಂಚರ ಬೆಳಗಿನಿಂದ ತನ್ನೊಳಗೇ ಹೇಳಿಕೊಳ್ಳುತ್ತಿದ್ದಳು. ಮರದ ಬಗ್ಗೆ ಕೇಳಲಿ, ಕುಯ್ಯುವ ಮಿಷನ್ನಿನ ಬಗ್ಗೆ ಕೇಳಲಿ, ಎಂ.ಎ. ಓದಿದವಳು ಅಳಗುಳಿಮಣೆ ಯಾಕೆ ಕೆತ್ತುತ್ತೀಯ ಎಂದು ಬೇಕಾದರೂ ಕೇಳಲಿ. ನಕ್ಷತ್ರ ಯಾವುದು ಎಂದು ಮಾತ್ರ ಕೇಳದಿರಲಿ.

ಸಾರಕ್ಕಿಯ ಮೇಸ್ತ್ರಿ ಬೈರಣ್ಣ ಟೇಪಿನ ತುದಿಯನ್ನು ಅವಳ ಕೈಗೆ ಕೊಟ್ಟು, ಉಳಿದದ್ದನ್ನು ಎಳೆದುಕೊಂಡು ಹಿತ್ತಲ ಉದ್ದಕ್ಕೂ ನಡೆದರು. ಅಪ್ಪ ಜಯಸಿಂಹ ಅವರ ಹಿಂದೆಯೇ ಇದ್ದರು. ಮನೆಗೆ ಅಂಟದಂತೆ ಬೇರೆಯದೇ ಒಂದು ಶೆಡ್ಡು ಕಟ್ಟಿಸುವುದಿತ್ತು. ಒಂದು ಮೂಲೆಗೆ ಅಪ್ಪನ ಸ್ಕೂಟರು, ಉಳಿದದ್ದೆಲ್ಲ ಇಂಚರಳ ಮರಗೆಲಸಕ್ಕೆ. ಇಷ್ಟು ದಿನ ಪೋರ್ಟಿಕೋದಲ್ಲೇ ಕೆತ್ತುತ್ತಿದ್ದಳು. ಮರದ ಪುಡಿ ಹಾರಿ ಪಕ್ಕದ ಮನೆಯವರು ಒಣಹಾಕಿದ್ದ ರೇಷ್ಮೆ ಸೀರೆಯ ಮೇಲೆ ಕೂತು ದೊಡ್ಡ ಜಗಳವಾದ ಮೇಲೆ ಮಿಷನ್ನಿಗೆ ಗೋಣಿಚೀಲ ಹೊದಿಸಿದ್ದು ಇನ್ನೂ ತೆಗೆದಿರಲಿಲ್ಲ. ಮಣೆಗೆ ದುಡ್ಡು ಕೊಟ್ಟವರು ದಿನಾ ಮೆಸೇಜು ಹಾಕುತ್ತಿದ್ದರು.

“ಅಗಲ ಹನ್ನೆರಡು, ಉದ್ದ ಹದಿನೈದು. ಮೇಲೆ ಶೀಟು, ಒಂದು ರೋಲಿಂಗ್ ಶಟರು, ಕರೆಂಟಿಗೆ ಬೇರೆ ಲೈನು. ಮೂರೂವರೆ ಲಕ್ಷಕ್ಕೆ ಮುಗಿಸಿಕೊಡ್ತೀನಿ ಸಾರ್,” ಎಂದರು ಬೈರಣ್ಣ. ಇಂಚರಳ ಎದೆ ಹಗುರಾಯಿತು. ಅವಳು ಕೂಡಿಸಿದ್ದು, ಅಪ್ಪ ಕೊಡುತ್ತೇನೆಂದದ್ದು ಎರಡೂ ಸೇರಿದರೆ ಅಷ್ಟೇ ಆಗುತ್ತಿತ್ತು. ಆದರೆ ಬೈರಣ್ಣ ಜೇಬಿನಿಂದ ಫೋನು ತೆಗೆದರು. “ಆಯ ಒಂದು ನೋಡ್ಬುಡ್ತೀನಿ. ಯಾರ ಹೆಸರಿಗೆ?”

“ನನ್ನ ಹೆಸರಿಗೇ ನೋಡ್ರಿ,” ಎಂದರು ಅಪ್ಪ, ಕೊಂಚ ಅವಸರದಲ್ಲಿ.

“ನಿಮ್ಮ ಹೆಸರಿಗೆ ಮನೆ ಆಯ್ತಲ್ಲ ಸಾರ್. ಇದ್ರೊಳಗೆ ಗರಗರ ಅಂತ ಬ್ಲೇಡು ತಿರುಗುತ್ತೆ, ಅದಕ್ಕೆ ಕೈ ಒಡ್ಡೋರು ಈ ತಾಯಿ. ಇವ್ರ ನಕ್ಷತ್ರಕ್ಕೇ ಅಳತೆ ಕೂಡಬೇಕು. ನಾಳೆ ಬೆರಳು ಗಿರಳು ಹೋದ್ರೆ ಬೈರಣ್ಣನ ಹೆಸರು ಹೇಳ್ತೀರಾ.” ಅವಳ ಕಡೆ ತಿರುಗಿದರು. “ಯಾವ ನಕ್ಷತ್ರ ತಾಯಿ?”

ಇಂಚರ ಬಾಯಿ ತೆರೆಯುವ ಮೊದಲೇ ಅಪ್ಪ “ಪೂರ್ವಾಷಾಢ” ಎಂದರು. ಅವಳದು ಮೂಲಾ. ಮೂಲಾ ಹುಡುಗಿ ಮಾವನಿಗೆ ಆಗುವುದಿಲ್ಲ ಎಂದು ಎರಡು ಮನೆಯವರು ಕಾಫಿ ಕುಡಿದು ಎದ್ದುಹೋದ ಮೇಲೆ, ಅಪ್ಪ ಅವಳನ್ನು ಒಂದು ನಕ್ಷತ್ರ ಮುಂದಕ್ಕೆ ತಳ್ಳಿದ್ದರು. ರಾಶಿ ಹೇಗೂ ಧನುಸ್ಸೇ ತಾನೆ, ಅಷ್ಟಕ್ಕೆ ಅದನ್ನು ಸುಳ್ಳು ಅನ್ನಬಾರದು ಎಂಬುದು ಅವರ ಸಮಾಧಾನ. ಈಗ ಪದ್ಮನಾಭನಗರದಿಂದ ಸಂಬಂಧ ಬಂದಿತ್ತು. ಆ ಮನೆಗೆ ಮಹಡಿ ಕಟ್ಟುತ್ತಿದ್ದವರು ಇದೇ ಬೈರಣ್ಣ, ಜೆ.ಪಿ. ನಗರದಲ್ಲಿ ಇಂಥ ಹುಡುಗಿ ಇದ್ದಾಳೆ ಎಂದು ಅಲ್ಲಿ ಬಾಯಿ ಬಿಟ್ಟವರೂ ಅವರೇ. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಅಲ್ಲಿನ ನಡುಮನೆಯಲ್ಲಿ ಕೂತಿರುತ್ತದೆ.

ಬೈರಣ್ಣ ಫೋನನ್ನು ಮೂಗಿನ ಹತ್ತಿರ ಹಿಡಿದು ಏನೇನೋ ಗುಣಿಸಿದರು, ಭಾಗಿಸಿದರು. ತಲೆ ಆಡಿಸಿದರು. “ಕೂಡಲ್ಲ ಸಾರ್. ಪೂರ್ವಾಷಾಢಕ್ಕೆ ಹದಿನೇಳೂವರೆ ಅಡಿ ಉದ್ದ ಬೇಕು.” ಟೇಪನ್ನು ಇನ್ನಷ್ಟು ಎಳೆದರು. ಹಳದಿ ಪಟ್ಟಿ ನೀರಿನ ಸಂಪಿನ ಮುಚ್ಚಳದ ನಡುವೆಯೇ ಹಾದುಹೋಯಿತು. “ಸಂಪು ಮುಚ್ಚಿ ಆ ಕಡೆ ಹೊಸದು ತೋಡಬೇಕು. ಪೈಪು, ಮೋಟರು ಎಲ್ಲ ಎತ್ತಿ ಹಾಕಬೇಕು. ನಾಲ್ಕೂಮುಕ್ಕಾಲು ಇಟ್ಕೊಳ್ಳಿ.”

“ನಾಲ್ಕೂಮುಕ್ಕಾಲಾ?”

“ಕಮ್ಮಿನೇ ಹೇಳಿದೀನಿ. ಸಂಪು ಒಡೆದಾಗ ಒಳಗೇನು ಸಿಗುತ್ತೋ ದೇವರೇ ಬಲ್ಲ.”

“ಆಯ ಬಿಟ್ಟು ಕಟ್ಟೋಕಾಗಲ್ವೇನ್ರೀ?”

“ಬೇರೆಯೋರು ಕಟ್ಟಿಕೊಡ್ತಾರೆ ಸಾರ್. ನಾನು ಪಾಯಕ್ಕೆ ಗೆರೆ ಎಳೆಯಲ್ಲ.”

ಅಪ್ಪ ಸಂಪಿನ ಮುಚ್ಚಳವನ್ನೇ ನೋಡುತ್ತ ನಿಂತರು. ಆಮೇಲೆ ಮಗಳ ಮುಖ ನೋಡದೆ, “ಹಾಗಾದ್ರೆ ಸದ್ಯಕ್ಕೆ ಬೇಡ ಬಿಡಿ ಬೈರಣ್ಣ. ಮದುವೆ ಆದ್ಮೇಲೆ ಅವಳಿಗೆ ಅಲ್ಲೇ ಎಲ್ಲಾದ್ರೂ ಜಾಗ ಮಾಡಿಕೊಡ್ತಾರೆ. ಆ ಮಿಷನ್ನನ್ನೂ ಯಾರಾದ್ರೂ ಕೇಳಿದ್ರೆ ಕೊಟ್ಟುಬಿಡೋಣ, ಸುಮ್ಮನೆ ತುಕ್ಕು ಹಿಡಿಯುತ್ತೆ,” ಎಂದರು.

ಮಿಷನ್ನು ಕೊಡುವ ಮಾತು ಅವಳಿಗೆ ಇವತ್ತೇ ಗೊತ್ತಾದದ್ದು. ಇಂಚರಳ ಕೈಯಿಂದ ಟೇಪಿನ ತುದಿಯ ಕೊಕ್ಕೆ ಜಾರತೊಡಗಿತು. ಅವಳು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಬೈರಣ್ಣನಿಗೂ ಕೆಲಸ ಕೈ ತಪ್ಪಿದ ಬೇಜಾರು. ಫೋನನ್ನು ಇನ್ನೊಮ್ಮೆ ತಿರುವಿ ನೋಡಿ ನಕ್ಕರು. “ತಮಾಷೆ ನೋಡಿ ಸಾರ್. ಪಕ್ಕದ ಮೂಲಾ ನಕ್ಷತ್ರ ಆಗಿದ್ದಿದ್ರೆ ಹದಿನೈದು ಅಡಿಗೇ ಕೂಡ್ತಿತ್ತು, ಒಂದಿಂಚು ಆಚೆ ಈಚೆ ಇಲ್ಲ. ಮೂಲಾದ ಹೆಣ್ಣುಮಕ್ಕಳು ಮಾವನಿಗೆ ಆಗಲ್ಲ ಅಂತಾರೆ, ಸಂಪಿಗೆ ಮಾತ್ರ ಬಲೇ ಒಳ್ಳೇವ್ರು! ಏನ್ಮಾಡೋದು, ನಕ್ಷತ್ರ ನಮ್ಮ ಕೈಲಿದೆಯಾ?”

ಅಪ್ಪನೂ ನಗಲು ನೋಡಿದರು. ನಗು ಅರ್ಧಕ್ಕೇ ನಿಂತು ಕೆಮ್ಮಾಯಿತು. ಆ ಕೆಮ್ಮಿನಲ್ಲೇ ಮಗಳ ಕಡೆ ಒಂದು ನೋಟ ಬಂತು. ಸುಮ್ಮನಿರು ಎಂದು ಬೇಡುವ ನೋಟ. ಚಿಕ್ಕಂದಿನಿಂದ ಇಂಚರ ಆ ನೋಟಕ್ಕೆ ತಲೆ ತಗ್ಗಿಸಿದವಳೇ.

“ಟೇಪು ಬಿಡಿ ತಾಯಿ, ಸುತ್ಕೋತೀನಿ,” ಎಂದರು ಬೈರಣ್ಣ.

ಅವಳು ಬಿಡಲಿಲ್ಲ. ಹೊರಟ ದನಿ ಪಕ್ಕದ ಮನೆಯವರಿಗೂ ಕೇಳುವಷ್ಟು ಜೋರಾಗಿತ್ತು.

“ಅಂಕಲ್, ಹದಿನೈದಕ್ಕೇ ಗೆರೆ ಎಳೀರಿ. ನನ್ನದು ಮೂಲಾ.”