ಕುಬಸದ ಒಡಪು

ಗಂಡ ಹೊಡೆಯುತ್ತಾನೆಂದು ಸೊಸೆ ಮೂರು ಸಲ ಹೇಳಿದಾಗಲೂ ಅತ್ತೆ, “ನನ್ನ ಮಗ ಅಂಥಾಂವಲ್ಲ, ಸುಳ್ಳ ಹೇಳಬ್ಯಾಡ” ಎಂದು ಬಾಯಿ ಮುಚ್ಚಿಸಿದ್ದಳು. ಇಂದು ಬಸುರಿ ನಾದಿನಿಯ ಕುಬಸಕ್ಕೆ ಬಂದ ಹೆಂಗಸರು, ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳೆಂದು ಸೊಸೆಯನ್ನು ಪೀಡಿಸಿದರು. ಒಳಗೆ ಕುದಿಯುತ್ತಿದ್ದ ಅವಳು ನಗುನಗುತ್ತಲೇ ಹೇಳಿದಳು:

“ಮುಂಜಾನಿ ನನ್ನ ಕೈಯಾಗ ಅಡಿಗಿ, ಸಂಜಿಕ ನನ್ನ ಬೆನ್ನಿಗೆ ಬಡಿಗಿ, ಆ ರಾಯರ ಹೆಸರು ವಿರೂಪಾಕ್ಷಿ!”

ಹೆಂಗಸರು ಬಿದ್ದು ಬಿದ್ದು ನಕ್ಕರು. “ಭಾರಿ ಚೇಷ್ಟಿ ಮಾಡ್ತಾಳ ನಿಮ್ಮ ಸೊಸಿ!”

ಸೊಸೆಗೆ ಮೈಯೆಲ್ಲ ಉರಿಯಿತು. ನಿಜವೂ ನಗೆಪಾಟಲಾಯಿತಲ್ಲ!

“ಈಗ ನಿಮ್ಮ ಪಾಳಿರೀ ಅಕ್ಕಾರ, ಯಜಮಾನರ ಹೆಸರು ಹೇಳ್ರಿ” ಎಂದು ನೆರೆಮನೆಯಾಕೆ ಅತ್ತೆಯನ್ನು ತಿವಿದಳು.

ಅತ್ತೆ ಸೊಸೆಯನ್ನೇ ನೋಡುತ್ತ, ನಗದೆ ಹೇಳಿದಳು:

“ಬಿಸಿ ಹೋಳಗಿ ಮ್ಯಾಲ ತುಪ್ಪ, ಮಗಗ ಬಡಿಯೂದು ಕಲಿಸಿದಾಂವ ಅವರಪ್ಪ, ನನ್ನ ರಾಯರು ಗುರುಸಿದ್ದಪ್ಪ.”