ನಾಲ್ಕನೆಯ ಪಾಠ

ನಾಲ್ಕನೆಯ ಪಾಠದ ಕೊನೆಯ ಪ್ರಶ್ನೆಗೆ ಬಂದಾಗ ಪಂಢರೀನಾಥರ ಬೆರಳು ಮೊಬೈಲಿನ ಮೇಲೆಯೇ ನಿಂತುಬಿಟ್ಟಿತು.

ಗುಳೇದಗುಡ್ಡದ ಅವರ ಔಷಧ ಅಂಗಡಿಗೆ ಫಾರ್ಮಸಿ ವಿದ್ಯಾರ್ಥಿಗಳು ಕೆಲಸ ಕಲಿಯಲು ಬರುತ್ತಿದ್ದರು. ಕಲಿಸುವವರೂ ಒಂದಿಷ್ಟು ಕಲಿಯಲಿ ಎಂದು ಬಾಗಲಕೋಟೆ, ಬಾದಾಮಿ, ಇಳಕಲ್‌ನ ಕಾಲೇಜುಗಳು ಸೇರಿ ಈ ವರ್ಷ ಒಂದೇ ಆನ್‌ಲೈನ್ ತರಬೇತಿ ಶುರು ಮಾಡಿದ್ದವು. ಇಪ್ಪತ್ತೆಂಟು ವರ್ಷ ಗುಳಿಗೆ ಕೊಟ್ಟವನಿಗೆ ಇದೇನು ಮಹಾ ಎಂದು ಮೊದಲ ಮೂರು ಪಾಠಗಳನ್ನು ಅವರು ಚಹಾ ಕುಡಿಯುತ್ತಲೇ ಮುಗಿಸಿದ್ದರು.

ವಿಡಿಯೊದಲ್ಲಿ ಹೇಳಿದ್ದು ಇಷ್ಟೇ. ಅಂಗಡಿಯೊಂದರಲ್ಲಿ ವಿದ್ಯಾರ್ಥಿನಿಯೊಬ್ಬಳು ಔಷಧದಲ್ಲಿನ ತಪ್ಪು ತೋರಿಸಿದಳು. ಗಿರಾಕಿಗಳೆದುರೇ ಮಾಲೀಕ, "ಕಲೀಲಿಕ್ಕೆ ಬಂದೀಯೋ, ನನಗ ಕಲಸಲಿಕ್ಕೆ ಬಂದೀಯೋ? ಸುಮ್ನಿರು" ಎಂದ. ಕೊನೆಯ ಪ್ರಶ್ನೆ: ಅವಳು ಅವನಿಂದ ಏನು ಕಲಿತಳು?

"ಎಂಥಾ ಮನಷ್ಯಾ ಇದ್ದಾನ್ರಿ ಅಂವಾ," ಎಂದರು ಪಕ್ಕದಲ್ಲಿ ಇಣುಕುತ್ತಿದ್ದ ಹೆಂಡತಿ ಸುಲಭಾ.

ಪಂಢರೀನಾಥರು ವಿಡಿಯೊವನ್ನು ಮತ್ತೊಮ್ಮೆ ಹಾಕಿ ನೋಡಿದರು. ಅಂವಾ ಅಂದರೆ ತಾವೇ. ಹೋದ ವರ್ಷ ನೇಕಾರರ ಚಂದವ್ವ ಇಬ್ಬರು ಡಾಕ್ಟರರ ಚೀಟಿ ತಂದಾಗ ಸಾಜಿಯಾ ಎಂಬ ವಿದ್ಯಾರ್ಥಿನಿ, "ಸರ್, ಎರಡೂ ಒಂದ ನೋವಿನ ಗುಳಗಿ, ಹೆಸರಷ್ಟ ಬ್ಯಾರೆ" ಎಂದಿದ್ದಳು. ಇವರು ಥೇಟ್ ವಿಡಿಯೊದಲ್ಲಿನ ಮಾಲೀಕನ ಮಾತನ್ನೇ ಆಡಿ ಎರಡನ್ನೂ ಕೊಟ್ಟಿದ್ದರು. ಹತ್ತು ದಿನಕ್ಕೆ ಚಂದವ್ವ ಹೊಟ್ಟೆ ಹುಣ್ಣಾಗಿ ರಕ್ತ ಕಾರಿ ದವಾಖಾನೆ ಸೇರಿದಳು. ಜೀವ ಉಳಿಯಿತು, ಆದರೆ ಮತ್ತೆ ಮಗ್ಗಕ್ಕೆ ಕೂರಲಿಲ್ಲ. ಅಷ್ಟರಲ್ಲಿ ಸಾಜಿಯಾಳ ತರಬೇತಿ ಮುಗಿದಿತ್ತು. ನೀ ಹೇಳಿದ್ದೇ ಸರಿ ಎಂದು ತಿಳಿಸುವ ಧೈರ್ಯ ಇವರಿಗೆ ಬರಲಿಲ್ಲ.

ಸುತ್ತಲಿನ ಊರಿನ ಅಂಗಡಿಯವರೆಲ್ಲ ಇದನ್ನು ನೋಡಿರುತ್ತಾರೆ ಎಂದು ಮೊದಲು ನಾಚಿಕೆಯಾಯಿತು. ಆಮೇಲೆ, ಹುಡುಗಿ ಕಾಲೇಜಿನಲ್ಲಾದರೂ ಹೇಳಿಕೊಂಡಳಲ್ಲ ಎಂದು ಎದೆ ತುಸು ಹಗುರವೂ ಆಯಿತು. ಹೊರಗೆ ಕಟ್ಟೆಗೆ ಬಂದು ಫೋನ್ ಹಚ್ಚಿದರು.

"ಸಾಜಿಯಾ, ಅವತ್ತ ನೀ ಹೇಳಿದ್ದ ಖರೆ ಇತ್ತು. ಚಂದವ್ವಗ ಭಾಳ ತ್ರಾಸ ಆತು. ತಪ್ಪು ನಂದು. ನೀ ಕಾಲೇಜಿನ್ಯಾಗ ಹೇಳಿದ್ದು ಈಗ ತರಬೇತಿ ವಿಡಿಯೊದಾಗ ನೋಡಿದೆ. ಹೇಳಿದ್ದು ಚಲೋ ಆತವ್ವಾ."



"ಅದು ಬ್ಯಾರೆ ಯಾರದೋ ಅಂಗಡಿ ಇರಬೇಕ್ರಿ ಸರ್," ಎಂದಳು ಸಾಜಿಯಾ. "ನಾ ಯಾರ ಮುಂದೂ ಹೇಳಿಲ್ಲ. ಸುಮ್ನಿರು ಅಂದಿದ್ರಲ್ರಿ ನೀವು."