ಗಾದ್ರಪ್ಪನ ಬೈಗುಳ

ಸಾಹೇಬರು ಅಂಗೈಯಗಲದ ಕಪ್ಪು ಡಬ್ಬಿಯನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದ್ದೇ ತಡ, ಗಾದ್ರಪ್ಪ ಕೋಲು ಎತ್ತಿ ಶುರುಮಾಡಿದ.

"ನಿನ್ನ ಗೇಟು ಮುರ್ದು ಬೀಳ! ನಮ್ಮ ದೇವರೆತ್ತು ಈ ಕಟ್ಟೇಲಿ ನೀರು ಕುಡಿಯೋವಾಗ ನೀನಿನ್ನೂ ಹುಟ್ಟಿರ್ಲಿಲ್ಲ ಕಣಲೇ. ಕಟ್ಟೆ ಏನ್ ನಿಮ್ಮಪ್ಪ ಕಟ್ಸಿದ್ದಾ? ಬೀಗ ಹಾಕಿದ ಕೈಗೆ ಕರಿನಾಗ್ರ ಕಡಿಯ!"

ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದ ಓಂಕಾರಮೂರ್ತಿ ಅಭ್ಯಾಸಬಲದಿಂದ ಕೆಮ್ಮಿದರು. ಅವರು ಚಳ್ಳಕೆರೆಯಲ್ಲಿ ಬೋರ್ಡು ಹಾಕಿಕೊಂಡ ಭಾಷಾಂತರಕಾರರು. ದನ ಮೇಯುವ ಕಾವಲಿಗೆ ಸರ್ಕಾರ ಹಾಕಿದ ಬೇಲಿಯೊಳಗಿನ ಈ ಕಚೇರಿಗೂ ಸುತ್ತಲಿನ ಹಟ್ಟಿಗಳಿಗೂ ನಡುವೆ ಹನ್ನೆರಡು ವರ್ಷದಿಂದ ಕನ್ನಡವನ್ನು ಹಿಂದಿಗೆ, ಹಿಂದಿಯನ್ನು ಕನ್ನಡಕ್ಕೆ ದಾಟಿಸುತ್ತಿದ್ದವರು. ಬೈಗುಳ ಬಂದ ಕಡೆ ಒಂದು ಕೆಮ್ಮು, ಕೆಮ್ಮಿನ ಮರೆಯಲ್ಲಿ ಬೈಗುಳಕ್ಕೆ ಎಳ್ಳುನೀರು, ಆಮೇಲೆ 'ಹಿರಿಯರು ತಮ್ಮ ದಯೆ ಕೋರುತ್ತಾರೆ' ಎಂಬ ಸಕ್ಕರೆ ಮಾತು. ಕೋಲು ಎತ್ತಿದ್ದಕ್ಕೂ ಅವರ ಬಳಿ ಉತ್ತರವಿತ್ತು: ಜೋರಾಗಿ ಮಾತಾಡುವುದು, ಕೋಲು ಎತ್ತುವುದು ಇಲ್ಲಿನವರು ಗೌರವ ತೋರಿಸುವ ರೀತಿ. ಈಗಿನ ಹೊಸ ಸಾಹೇಬರಿಗೂ ಬಂದ ದಿನವೇ ಇದನ್ನು ಹೇಳಿಟ್ಟಿದ್ದರು. ಎಷ್ಟೋ ಸಾಹೇಬರು ಬಂದು ಹೋದರು, ಒಬ್ಬರಿಗೂ ತಾವು ಬೈಸಿಕೊಂಡದ್ದು ಗೊತ್ತಾಗಲಿಲ್ಲ.

ಈಗ ಆ ಕೆಲಸಕ್ಕೆ ಡಬ್ಬಿ ಬಂದಿತ್ತು. ಕೃತಕ ಬುದ್ಧಿಯ ಹೆಸರು ಕೇಳಿದರೇ ಓಂಕಾರಮೂರ್ತಿ ಶಾಪ ಹಾಕುತ್ತಿದ್ದರು. ಕೋರ್ಟಿನ ಕಾಗದ ಹೋಯಿತು, ಬ್ಯಾಂಕಿನ ಕಾಗದ ಹೋಯಿತು, ಉಳಿದದ್ದು ಈ ಕಚೇರಿಯೊಂದೇ. ಇವತ್ತು ಡಬ್ಬಿಯ ಪರೀಕ್ಷೆ, ನೀವು ಬಾಯಿ ಬಿಡದೆ ಕೇಳಿಸಿಕೊಳ್ಳಿ ಎಂದು ಹೊಸ ಸಾಹೇಬರು ಕರೆಸಿದ್ದರು. ಡಬ್ಬಿ ಮಕಾಡೆ ಮಲಗಲಪ್ಪ ಎಂದು ಅವರು ಬರುವ ದಾರಿಯುದ್ದಕ್ಕೂ ಜಟಿಂಗ ರಾಮೇಶ್ವರನನ್ನು ಬೇಡಿಕೊಂಡಿದ್ದರು.

ಆದರೆ ಗಾದ್ರಪ್ಪನ ಬಾಯಿ ಕೇಳಿದ ಮೇಲೆ ಅವರಿಗೆ ಬೇರೆಯೇ ಭಯ ಹಿಡಿಯಿತು. ಡಬ್ಬಿ ಇದ್ದದ್ದನ್ನು ಇದ್ದಂತೆ ಒದರಿದರೆ ಗೇಟು ತೆರೆಯುವ ಮಾತೇ ಇಲ್ಲ. ಅಧಿಕಾರಿಯನ್ನು ಬೈದವರ ಕಡೆಯ ಗೇಟಿಗೆ ಮೂರು ತಿಂಗಳು ಬೀಗ ಎಂದು ಸಾಹೇಬರು ಬಂದ ದಿನವೇ ಆರ್ಡರು ಮಾಡಿದ್ದರು. ಹೊರಗೆ ಇಪ್ಪತ್ತೆರಡು ದೇವರೆತ್ತು ನಿಂತಿದ್ದವು. ಯಾರೂ ಹೂಡದ, ಯಾರೂ ಮಾರದ, ದೇವರ ಹೆಸರಿಗೆ ಬಿಟ್ಟ ದನ. ಅವನ್ನು ಕಾಯುವ ಕಿಲಾರಿ ಗಾದ್ರಪ್ಪ ಕಟ್ಟೆಯ ಗೇಟಿಗೆ ಬೀಗ ಬಿದ್ದ ಎಂಟು ದಿನದಿಂದ ಬೇಲಿ ಸುತ್ತಿಸಿ ಏಳು ಮೈಲಿ ನಡೆಸಿ ಬೇರೆ ಕಡೆ ನೀರು ಕುಡಿಸುತ್ತಿದ್ದ. ಎರಡು ಕರು ಆಗಲೇ ಕಾಲು ಸೋತು ಮಲಗಿದ್ದವು.

ಡಬ್ಬಿ ಗಂಟಲು ಸರಿಮಾಡಿಕೊಂಡಂತೆ ಒಂದು ಸದ್ದು ಮಾಡಿ, ಜೇನಿನಂಥ ಹಿಂದಿಯಲ್ಲಿ ಹೇಳಿತು: "ಮಾನ್ಯರೇ, ಹಿರಿಯರು ಗೇಟಿನ ಸ್ಥಿತಿಯ ಬಗ್ಗೆ ಕಳವಳ ವ್ಯಕ್ತಪಡಿಸಿದ್ದಾರೆ. ಈ ಕಟ್ಟೆಯೊಂದಿಗೆ ತಮ್ಮ ದನಗಳ ಹಳೆಯ ಸಂಬಂಧವನ್ನು ವಿವರಿಸಿದ್ದಾರೆ. ಮಾನ್ಯರ ತಂದೆಯವರನ್ನೂ ನೆನೆದಿದ್ದಾರೆ. ಹಾವುಗಳ ವಿಷಯದಲ್ಲಿ ತಾವು ಎಚ್ಚರಿಕೆಯಿಂದ ಇರಬೇಕೆಂದು ಕೋರಿದ್ದಾರೆ."

ಸಾಹೇಬರ ಮುಖ ಮೆತ್ತಗಾಯಿತು. "ನಮ್ಮ ತಂದೆ ಹೋಗಿ ಆರು ತಿಂಗಳಾಯಿತು. ಈ ಹಿರಿಯರಿಗೆ ಹೇಗೆ ಗೊತ್ತು?" ಎಂದು ಕನ್ನಡಕ ಒರೆಸಿಕೊಂಡರು.

ಓಂಕಾರಮೂರ್ತಿ ಬಾಯಿ ತೆರೆದುಕೊಂಡು ಕೂತಿದ್ದರು. ಹನ್ನೆರಡು ವರ್ಷ ಕೆಮ್ಮಿ ಕೆಮ್ಮಿ ಸಾಧಿಸಿದ ವಿದ್ಯೆ! ಈ ಹಾಳು ಡಬ್ಬಿ ಕೆಮ್ಮು ಕೂಡ ಇಲ್ಲದೆ ಮುಗಿಸಿಬಿಟ್ಟಿತ್ತು. ಅವರಿಗೆ ಅದರ ಮೇಲೆ ಹೊಟ್ಟೆಯುರಿ ಬಂತು, ಒಂದು ಗಳಿಗೆ ಸೋದರ ಪ್ರೀತಿಯೂ ಬಂತು.

ಸಾಹೇಬರು ಒಂದು ಹಾಳೆಯನ್ನು ಅವರ ಮುಂದೆ ತಳ್ಳಿದರು. "ಎರಡೂ ಭಾಷೆ ಬಲ್ಲವರು ಇಲ್ಲಿ ನೀವೊಬ್ಬರೇ. ಇದು ತಪ್ಪು ಹೇಳಿದ್ದರೆ ಈಗಲೇ ಹೇಳಿ, ಡಬ್ಬಿ ವಾಪಸ್ ಹೋಗುತ್ತದೆ, ಮೊದಲಿನಂತೆ ನೀವೇ ಬರುವಿರಿ. ಆದರೆ ಆತ ನಿಜವಾಗಿ ಹೇಳಿದ್ದೇನು ಎಂಬುದನ್ನು ಬರೆದುಕೊಡಬೇಕು. ಸರಿಯಿದ್ದರೆ ಸಹಿ ಹಾಕಿ."

ಒಂದೇ ಮಾತು ಸಾಕಿತ್ತು. ತಪ್ಪು ಎಂದರೆ ಕೆಲಸ ಉಳಿಯುತ್ತಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಓಂಕಾರಮೂರ್ತಿ ಪೆನ್ನು ಹಿಡಿದು ಕಿಟಕಿಯಾಚೆ ನೋಡಿದರು. ಗೇಟಿನ ಕಂಬಿಗೆ ಮೂತಿ ಒತ್ತಿ ನಿಂತ ಬಿಳಿ ಹೋರಿಯೊಂದು ನೀರಿನ ವಾಸನೆಗೆ ಮೂಗು ಅರಳಿಸುತ್ತಿತ್ತು. ಕರಿನಾಗರದ ಮಾತನ್ನು ಹಿಂದಿಯಲ್ಲಿ ಬರೆದುಕೊಡಲು ಅವರ ಕೈ ಏಳಲಿಲ್ಲ. "ಸರಿಯಾಗಿದೆ" ಎಂದು ಬರೆದು, ಕೆಳಗೆ ಸಹಿ ಮಾಡಿದರು. ತಮ್ಮ ಅನ್ನಕ್ಕೆ ತಾವೇ ಮಣ್ಣು ಹಾಕಿಕೊಂಡೆ ಎಂದು ಸಂಕಟವಾಯಿತು.

ಸಾಹೇಬರ ಅಪ್ಪಣೆಯಾಗಿ ಹತ್ತು ನಿಮಿಷದಲ್ಲಿ ಬೀಗ ತೆಗೆದರು. ದನ ಧೂಳೆಬ್ಬಿಸಿಕೊಂಡು ಕಟ್ಟೆಗೆ ಓಡಿದವು. ಗಾದ್ರಪ್ಪ ಓಂಕಾರಮೂರ್ತಿಯನ್ನು ತಡೆದು ನಿಲ್ಲಿಸಿದ.

"ಸ್ವಾಮಿ, ಆ ಡಬ್ಬಿ ನಾನಂದಿದ್ನ ಅಂದಂಗೇ ಹೇಳ್ತಾ?"

"ಒಂದಕ್ಷರ ಬಿಡ್ಲಿಲ್ಲ ಕಣಪ್ಪ."

ಗಾದ್ರಪ್ಪನ ಮುಖ ಊರಗಲ ಆಯಿತು. "ನೋಡಿದ್ರಾ! ಬೈಸ್ಕಂಡ ಕೂಡ್ಲೇ ಗೇಟು ತೆಗ್ದ. ಹನ್ನೆರಡು ವರ್ಷದಿಂದ ನಾನೂ ಹಿಂಗೇ ಬೈತಾ ಇದೀನಿ, ಒಬ್ಬ ಸಾಹೇಬಂಗೂ ನಾಟ್ತಿರ್ಲಿಲ್ಲ. ನನ್ನ ಬಾಯಾಗೇ ಶಕ್ತಿ ಇಲ್ಲೇನೋ ಅಂದ್ಕಂಡಿದ್ದೆ." ಆಮೇಲೆ ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ ಮೆಲ್ಲಗೆ, ಮರುಕದಿಂದ ಹೇಳಿದ:

"ಬೇಜಾರು ಮಾಡ್ಕಬ್ಯಾಡ್ರಿ ಸ್ವಾಮಿ. ನಿಮ್ಗೆ ಹಿಂದಿ ಅಷ್ಟಕ್ಕಷ್ಟೇ ಅಂತ ಕಾಣ್ತೈತೆ."